ತೂತಿಲ್ಲದ ಮನೆ

ಗೋಡೆಗೂ ಕಿವಿ ಇರುತ್ತದೆ ಎಂದು ಯಾರು ಹೇಳಿದರೋ, ಅವರು ತೈಸ್ತೊನ ಮನೆಯನ್ನು ನೋಡಿದವರಲ್ಲ. ಆ ಮನೆಯ ಗೋಡೆಗೆ ಕಿವಿಯೂ ಇರಲಿಲ್ಲ, ಬಾಯಿಯೂ ಇರಲಿಲ್ಲ, ಮೂಗಂತೂ ಮೊದಲೇ ಇರಲಿಲ್ಲ. ಬಾಗಿಲು ಹಾಕಿಕೊಂಡರೆ ಹೊರಗೆ ಬೀಸುವ ಗಾಳಿ ಒಳಗಿದ್ದವರಿಗೆ ತಿಳಿಯದು, ಒಳಗೆ ಅತ್ತರೆ ಹೊರಗಿದ್ದವರಿಗೆ ತಿಳಿಯದು. ಮೊಬೈಲಂತೂ ಹೊಸ್ತಿಲು ದಾಟಿದ ಕೂಡಲೇ ಪ್ರಾಣ ಬಿಡುತ್ತಿತ್ತು. ಹಾಗಾಗಿ ನಮ್ಮ ಹೌಕಿವಾರ ಹಳ್ಳಿಯ ಜನ ಆ ಮನೆಯ ಹೆಂಗಸು ಮೈರೆಯನ್ನು ನೋಡುತ್ತಿದ್ದುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಸೌದೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ಉಣ್ಣೆ ಟೋಪಿ ಹಾಕಿಕೊಂಡು, ಗಂಡನ ಹಳೆಯ ಕಂಬಳಿ ಬೂಟಿನಲ್ಲಿ ಕಾಲು ತೂರಿಸಿಕೊಂಡು, ಕಿವಿಗೆ ಫೋನು ಒತ್ತಿಕೊಂಡು ಕೂತಿರುತ್ತಿದ್ದಳು. ಅವರ ಜಾಗದಲ್ಲಿ ಸಿಗ್ನಲ್ ನೆಟ್ಟಗೆ ಬರುತ್ತಿದ್ದುದು ಆ ಮೆಟ್ಟಿಲಿಗೆ ಮಾತ್ರ.

ತೈಸ್ತೊ ತಗಡಿನ ಕೆಲಸದವನು. ಜೀವಮಾನವೆಲ್ಲ ಊರವರ ಮಾಡಿಗೆ ತಗಡು ಹೊದಿಸಿದ. ಮೊದಲ ಹೆಂಡತಿ ಸತ್ತ ಮೇಲೆ ತನಗೆಂದು ಒಂದು ಮನೆ ಕಟ್ಟಿದ. ನೆಲ, ಗೋಡೆ, ಮಾಡು ಎಲ್ಲಕ್ಕೂ ಎರಡೂ ಮೈಗೆ ಲೋಹದ ಬೆಳ್ಳಿಹಾಳೆ ಅಂಟಿಸಿದ, ಚಳಿ ತಡೆಯುವ ಗಟ್ಟಿ ಹಲಗೆ ತುಂಬಿದ, ಕೀಲುಕೀಲಿಗೂ ಟೇಪು ಬಳಿದ, ಕಿಟಕಿಗಳಿಗೆ ಕಣ್ಣಿಗೆ ಕಾಣದ ಲೋಹದ ಪೊರೆ ಇರುವ ಮೂರು ಪದರದ ಗಾಜು ತಂದು ಕೂರಿಸಿದ. ಕೊನೆಗೆ ಪಟ್ಟಣದಿಂದ ಜನ ಬಂದು ಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ, ಮನೆಯ ಗಾಳಿಯನ್ನೆಲ್ಲ ಹೊರಗೆಳೆದು, ಎಲ್ಲಾದರೂ ಸೋರುತ್ತದೆಯೇ ಎಂದು ಪರೀಕ್ಷೆ ಮಾಡಿ, ತಲೆದೂಗಿ ಹೋದರು. ಅವರು ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಬೇರೆಯವರು ಮದುವೆ ಫೋಟೋ ತೂಗುಹಾಕುವ ಕಡೆ ತೂಗುಹಾಕಿದ್ದ. ಊರವರು ಆ ಮನೆಯನ್ನು 'ಥರ್ಮೋಸ್ ಫ್ಲಾಸ್ಕು' ಎಂದು ಕರೆಯುತ್ತಿದ್ದರು. ಅವನಿಗೆ ಆ ಹೆಸರು ಕೇಳಿದರೆ ಹೆಮ್ಮೆಯೇ ಆಗುತ್ತಿತ್ತು.

ಮೈರೆ ಅವನನ್ನು ಮದುವೆಯಾದದ್ದು ಪ್ರೀತಿಗಲ್ಲ, ಬಿಸಿಗೆ. ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ಅವಳು ಶಾಲೆಯ ಅಡಿಗೆಮನೆಯಲ್ಲಿ ದುಡಿದು ಐವತ್ತು ದಾಟಿದ್ದಳು, ಮಂಡಿ ಹಿಡಿದುಕೊಂಡಿತ್ತು, ಅವಳಿದ್ದ ಹಳೆಯ ಮರದ ಗುಡಿಸಲಿನಲ್ಲಿ ಚಳಿಗಾಲದಲ್ಲಿ ಬಕೆಟ್ಟಿನ ನೀರು ಹೆಪ್ಪುಗಟ್ಟುತ್ತಿತ್ತು. ಅಪ್ಪ ಹೆಂಡಕ್ಕೆ ಸಂದವನು, ಅಮ್ಮ ಕಾಯಿಲೆಗೆ ಸಂದವಳು. ಅಮ್ಮ ಹೋದಾಗ ತಮ್ಮ ಓಯ್ವನಿಗೆ ಇನ್ನೂ ಮಾತು ಸರಿಯಾಗಿ ತಿರುಗುತ್ತಿರಲಿಲ್ಲ. ಮೈರೆ ಆಗ ಹದಿಹರೆಯ ದಾಟಿದ ಹುಡುಗಿ. ಅವನು ಅವಳನ್ನೇ 'ಅಮ್ಮ' ಎಂದು ಕರೆಯುತ್ತಿದ್ದ. ಅವಳು, "ಅಮ್ಮ ಅಲ್ಲ ಕಣೋ, ಮೈರೆ ಅನ್ನು," ಎಂದು ತಿದ್ದುತ್ತಿದ್ದಳು. ತಿದ್ದದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಇಲ್ಲಿ ಒಂದು ಪದದ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಫಿನ್ನಿಷ್ ಭಾಷೆ ಬಡವರ ಮನೆಯಿದ್ದ ಹಾಗೆ, ಒಂದೇ ಪಾತ್ರೆಯಲ್ಲಿ ಎರಡು ಅಡಿಗೆ. ಕೇಳಿಸುವುದಕ್ಕೂ 'ಕೂಲು' ಎನ್ನುತ್ತೇವೆ, ಸೇರಿರುವುದಕ್ಕೂ 'ಕೂಲು' ಎನ್ನುತ್ತೇವೆ. ಫೋನಿನಲ್ಲಿ ದನಿ ಬರದಿದ್ದರೆ 'ಎತ್ ಕೂಲು ತ್ಯಾನ್ನೆ' ಎಂದು ಕೂಗುತ್ತೇವೆ: ನೀನು ಹೇಳುವುದು ಇಲ್ಲಿಗೆ ಕೇಳಿಸುತ್ತಿಲ್ಲ. ಮನೆಯಿಂದ ಒಬ್ಬನನ್ನು ಆಚೆ ದಬ್ಬುವಾಗಲೂ ಅದೇ 'ಎತ್ ಕೂಲು ತ್ಯಾನ್ನೆ': ನೀನು ಇಲ್ಲಿಗೆ ಸೇರಿದವನಲ್ಲ. ಯಾವುದು ಯಾವುದೆಂದು ನಮಗೆ ಎಂದೂ ಗೊಂದಲವಾಗುವುದಿಲ್ಲ, ಎದುರಿಗಿರುವವನ ಮುಖ ನೋಡಿದರೆ ಗೊತ್ತಾಗುತ್ತದೆ. ಮುಖ ಕಾಣದ ಕಡೆ ಏನು ಮಾಡಬೇಕೆಂದು ನಮ್ಮ ಹಿರಿಯರು ಯೋಚಿಸಿರಲಿಲ್ಲ.

ತೈಸ್ತೊನ ಬಾಯಲ್ಲಿ ಆ ಪದ ಎರಡನೆಯ ಅರ್ಥದಲ್ಲೇ ಓಡಾಡುತ್ತಿತ್ತು. ಕರೆಂಟು ಬಿಲ್ಲು ಎಷ್ಟು ಬಂತೆಂದು ಮೈರೆ ಕೇಳಿದರೆ, "ಅದು ನಿನಗೆ ಸೇರಿದ್ದಲ್ಲ." ತೋಟದ ಮೂಲೆಯಲ್ಲಿ ಕರಂಟ್ ಹಣ್ಣಿನ ಗಿಡ ನೆಡಲೇ ಎಂದರೆ, "ಈ ಮಣ್ಣು ನಿನಗೆ ಸೇರಿದ್ದಲ್ಲ." ಅವಳ ತಮ್ಮನ ಬಗ್ಗೆ ಹೇಳುವಾಗಲಂತೂ ಅವನಿಗೆ ಹಬ್ಬ.

ಮದುವೆಯಾದ ಮೊದಲ ಕ್ರಿಸ್ಮಸ್ಸಿಗೆ ಓಯ್ವ ಬಂದಿದ್ದ. ಕುಡಿದು ಬಂದಿದ್ದ ಎನ್ನುವುದೂ ನಿಜ. ಸಿಗರೇಟು ಸೇದಲು ಹಿಂದಿನ ಕೋಣೆಯ ಕಿಟಕಿ ತೆರೆದು, ಮುಚ್ಚಲು ಮರೆತು, ಊಟದ ಮೇಜಿಗೆ ಬಂದು ಕೂತ. ಸ್ವಲ್ಪ ಹೊತ್ತಿನಲ್ಲಿ ಮೇಜಿನ ಮೇಲಿನ ಮೊಂಬತ್ತಿಯ ಕುಡಿ ಅಲ್ಲಾಡಿತು. ತೈಸ್ತೊನ ಮನೆಯಲ್ಲಿ ಮೊಂಬತ್ತಿ ಅಲ್ಲಾಡುವುದೇ! ಎದ್ದು ಹೋಗಿ ನೋಡಿ ಬಂದವನೇ ಓಯ್ವನ ಕಾಲರು ಹಿಡಿದು ಎಬ್ಬಿಸಿದ.

"ಏಳೋ. ಎದ್ದೇಳು. ನಿನ್ನಂಥವನಿಗೆ ಬಾಗಿಲೂ ಒಂದೇ, ಕಿಟಕಿನೂ ಒಂದೇ. ನೀನು ಇಲ್ಲಿಗೆ ಸೇರಿದವನಲ್ಲ. ಎತ್ ಕೂಲು ತ್ಯಾನ್ನೆ!"

ಓಯ್ವ ಬಾಗಿಲಲ್ಲಿ ನಿಂತು ಅಕ್ಕನ ಕಡೆ ತಿರುಗಿದ. "ಮೈರೆ?" ಎಂದ, ಅಷ್ಟೇ. ಮೈರೆ ತಟ್ಟೆಯಲ್ಲಿದ್ದ ಹಂದಿಮಾಂಸವನ್ನು ಸಣ್ಣಗೆ ಕತ್ತರಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ಮನೆ ಬೆಚ್ಚಗಿತ್ತು, ಮಂಡಿ ನೋಯುತ್ತಿರಲಿಲ್ಲ, ಅವಳಿಗೆ ಹೆದರಿಕೆಯಾಯಿತು.

ಮರುವರ್ಷದ ನಡುಬೇಸಗೆಯ ಹಬ್ಬದಲ್ಲಿ ಓಯ್ವ ಕೆರೆಯ ದಂಡೆಯಲ್ಲಿ ಕುಡಿದು ಜಗಳವಾಡಿ ಗೆಳೆಯನೊಬ್ಬನ ಮುಖಕ್ಕೆ ಬಾಟಲಿ ಬೀಸಿದ. ಆ ಗೆಳೆಯನ ಒಂದು ಕಣ್ಣು ಹೋಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಓಯ್ವ ಜೈಲಿಗೆ ಹೋದ. ಅಲ್ಲಿಂದ ಭಾನುವಾರ ಭಾನುವಾರ ಅವನು ಫೋನು ಮಾಡುತ್ತಿದ್ದ. ಇಲ್ಲಿಂದ ಅಲ್ಲಿಗೆ ಮಾಡುವಂತಿರಲಿಲ್ಲ, ಅಲ್ಲಿಂದ ಬಂದಾಗ ಎತ್ತಿಕೊಳ್ಳಬೇಕು. ಮೈರೆ ಊಟ ಮುಗಿಸಿ, ಕಂಬಳಿ ಬೂಟು ಹಾಕಿಕೊಂಡು, ಕೊಟ್ಟಿಗೆಯ ಮೆಟ್ಟಿಲಲ್ಲಿ ಕೂತು ಕಾಯುತ್ತಿದ್ದಳು. ಮೂಗಿನ ತುದಿ ಮರಗಟ್ಟಿದರೂ ಏಳುತ್ತಿರಲಿಲ್ಲ. ತಲೆ ಎತ್ತದ ಆ ಕ್ರಿಸ್ಮಸ್ಸಿಗೆ ಅವಳು ಹೀಗೆ ಬಡ್ಡಿ ಕಟ್ಟುತ್ತಿದ್ದಳು.

ಹಾಗಿರುವಾಗ ಒಂದು ಶರತ್ಕಾಲದಲ್ಲಿ ಜೈಲಿನ ಕಡೆಯಿಂದ ಅನ್ನುಕ್ಕ ಎಂಬ ಅಧಿಕಾರಿ ಬಂದಳು. ಓಯ್ವ ಒಳಗೆ ಕುಡಿತ ಬಿಟ್ಟಿದ್ದಾನೆ, ಬಡಗಿ ಕೆಲಸ ಕಲಿತಿದ್ದಾನೆ. ಎಲ್ಲಿದ್ದಾನೆಂದು ಜೈಲಿಗೆ ಸದಾ ತಿಳಿಸುವ ಪಟ್ಟಿಯೊಂದನ್ನು ಕಾಲಿಗೆ ಕಟ್ಟಿಕೊಂಡು ಸಂಬಂಧಿಕರ ಮನೆಯಲ್ಲಿದ್ದು ಉಳಿದ ಶಿಕ್ಷೆ ಮುಗಿಸಬಹುದು, ಯಾರಾದರೂ ಮನೆ ಕೊಡುವುದಾದರೆ. ಅವನಿಗಿದ್ದ ಸಂಬಂಧಿಕಳು ಒಬ್ಬಳೇ. ಮನೆ ಸಿಗದಿದ್ದರೆ ಶಿಕ್ಷೆ ಮುಗಿದ ದಿನ ಅವನು ಹಳೇ ಕುಡುಕರ ಗುಂಪಿಗೇ ಹೋಗಿ ಬೀಳುತ್ತಾನೆ ಎನ್ನುವುದು ಅನ್ನುಕ್ಕಳಿಗೂ ಗೊತ್ತಿತ್ತು, ಮೈರೆಗೂ ಗೊತ್ತಿತ್ತು. ಅನ್ನುಕ್ಕ ಸಿಗ್ನಲ್ ಅಳೆಯುವ ಒಂದು ಯಂತ್ರ ಹಿಡಿದು ಕೋಣೆ ಕೋಣೆ ಸುತ್ತಿದಳು. ಸುತ್ತಿ ಬಂದು ಕಾಫಿ ಮುಂದೆ ಕೂತು ತಲೆ ಆಡಿಸಿದಳು.

"ಮೈರೆ, ಇಲ್ಲಿ ಸಿಗ್ನಲ್ಲೇ ಇಲ್ಲ. ಅವನು ಒಳಗೆ ಬಂದ ಕೂಡಲೇ ನಮ್ಮ ಲೆಕ್ಕದಲ್ಲಿ ತಪ್ಪಿಸ್ಕೊಂಡ ಹಾಗೆ ಆಗುತ್ತೆ."

"ನಮ್ಮ ಮನೇಲಿ ಇಂಟರ್ನೆಟ್ ಇದೆಯಲ್ಲ? ತೈಸ್ತೊ ಅದರಲ್ಲೇ ಐಸ್‌ಹಾಕಿ ಪಂದ್ಯ ನೋಡ್ತಾನೆ."

"ಆ ಪಟ್ಟಿಗೆ ನಿಮ್ಮ ಇಂಟರ್ನೆಟ್ ಬೇಡ, ಟವರೇ ಬೇಕು. ದೊಡ್ಡ ಕೆಲಸವೇನಲ್ಲ ಬಿಡಿ. ಸೂರಿನ ಕೆಳಗೆ ಹೊರಗೊಂದು ಆಂಟೆನಾ, ಒಳಗೆ ಅವನ ಕೋಣೆಯಲ್ಲೊಂದು ತಟ್ಟೆ, ಎರಡಕ್ಕೂ ನಡುವೆ ಒಂದು ವೈರು. ಬೆರಳು ತೂರುವಷ್ಟು ತೂತು ಹಾಕಿದರೆ ಮುಗೀತು. ಹಾಕಿಸಿ, ನಾನು ಹೊಸ ವರ್ಷಕ್ಕೆ ಮತ್ತೆ ಬಂದು ನೋಡ್ತೀನಿ. ಅದಕ್ಕೆ ಮುಂಚೆ ಕ್ರಿಸ್ಮಸ್ ಹೊತ್ತಿಗೆ ಅವನಿಗೆ ಎರಡು ದಿನ ರಜೆ ಸಿಗುತ್ತೆ, ಬಂದು ಹೋಗಲಿ."

ತೈಸ್ತೊ ಕಿಟಕಿಯ ಪಕ್ಕ ಕೂತಿದ್ದವನು ಕಾಫಿಯ ಲೋಟ ಕೆಳಗಿಟ್ಟ. "ತೂತು?" ಎಂದ.

ಅನ್ನುಕ್ಕಳ ಕಾರು ಹೋದ ಮೇಲೆ ಅವನು ಮಾತು ಬಿಚ್ಚಿದ. "ಮೂರು ವರ್ಷ ಟೇಪು ಹಚ್ಚಿದ್ದೀನಿ ಈ ಗೋಡೆಗೆ. ಸೂಜಿ ಮೊನೆಯಷ್ಟೂ ಜಾಗ ಬಿಟ್ಟಿಲ್ಲ. ಒಬ್ಬ ಕಣ್ಣು ಕಿತ್ತ ಕುಡುಕನಿಗೋಸ್ಕರ ತೂತು ಹೊಡೀಬೇಕಾ? ಅವನನ್ನ ಕೊಟ್ಟಿಗೇಲಿ ಮಲಗಿಸು. ಅಲ್ಲಿ ಚೆನ್ನಾಗಿ ಸಿಗ್ನಲ್ ಬರುತ್ತೆ, ಸೌದೆನೂ ಇದೆ, ಅವನೂ ಒಂದು ಕೊರಡು."

ಮೈರೆ ವಾದಿಸಲಿಲ್ಲ. ವಾದದಲ್ಲಿ ಅವನನ್ನು ಗೆದ್ದವರು ಊರಲ್ಲೇ ಇರಲಿಲ್ಲ. ಅವಳು ತನಗೆ ಗೊತ್ತಿದ್ದ ದಾರಿ ಹಿಡಿದಳು. ಗುರುವಾರ ಬಟಾಣಿ ಸಾರು ಮಾಡುವುದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ಆ ಗುರುವಾರ ಮಾಡಿದಳು. ಶುಕ್ರವಾರವೂ ಬಟಾಣಿ ಸಾರು. ಶನಿವಾರ ಸೌನಾದ ಹಬೆಸ್ನಾನ ಮುಗಿಸಿ ಹಸಿದು ಬಂದವನಿಗೂ ಬಟಾಣಿ ಸಾರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದೇ. ಮಾತಿಲ್ಲ, ಕತೆಯಿಲ್ಲ, ತಟ್ಟೆ ಮುಂದಿಟ್ಟು ಹೋಗುವಳು. ಅಷ್ಟು ಬಿಗಿಯಾದ ಮನೆಯಲ್ಲಿ ದಿನವೂ ಬಟಾಣಿ ತಿಂದವನ ಪಾಡೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಗಾಳಿ ಹೊರಗೆ ಹೋಗದಂತೆ ಕಟ್ಟಿದ್ದವನು ಅವನೇ ತಾನೇ.

"ಸಾಕು ಮಾರಾಯ್ತಿ!" ಎಂದ ಕೊನೆಗೆ, ತಟ್ಟೆ ದೂಡಿ. "ಹಾಕ್ತೀನಿ ನಿನ್ನ ಆಂಟೆನಾ. ಆದ್ರೆ ನಾನೇ ಹಾಕೋದು. ನನ್ನ ಗೋಡೆಗೆ ಬೇರೆಯವನ ಕೈ ಬೇಡ."

ಮೈರೆಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವಳು ಅವನ ತೋಳು ಮುಟ್ಟಿದಳು, ಅಂಥದ್ದು ಅವರ ಮನೆಯಲ್ಲಿ ನಡೆಯುವಂಥದ್ದಲ್ಲ. ಆ ರಾತ್ರಿ ಹಂದಿಮಾಂಸ ಹುರಿದಳು.

ಮರುದಿನ ತೈಸ್ತೊ ಇಡೀ ದಿನ ಕೆಲಸ ಮಾಡಿದ. ದಕ್ಷಿಣದ ಸೂರಿನ ಕೆಳಗೆ ಆಂಟೆನಾ ಏರಿಸಿದ, ಅದರ ಕಪ್ಪು ವೈರು ಗೋಡೆಯ ಹಲಗೆಯೊಳಗೆ ಮಾಯವಾಯಿತು. ಒಳಗೆ ಹಿಂದಿನ ಕೋಣೆಯ ಗೋಡೆಯಲ್ಲಿ ಬಿಳಿ ತಟ್ಟೆ ಕೂರಿಸಿದ, ಅದರ ವೈರೂ ಗೋಡೆಯ ಪಟ್ಟಿಯೊಳಗೆ ಮಾಯವಾಯಿತು. ಮೊಳೆಯಿಂದ ಮೊಳೆಗೆ ಅಂತರ ಅಳೆದು ಹೊಡೆದಿದ್ದ. ತೈಸ್ತೊನ ಕೆಲಸದಲ್ಲಿ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಮೈರೆಯ ಫೋನು ಗುಂಡಿ ಒತ್ತುವ ಹಳೆಯ ಫೋನು. ಅದನ್ನು ಇಸಿದುಕೊಂಡು ಆ ಕೋಣೆಯ ಕಿಟಕಿಯ ಹತ್ತಿರ ಹಿಡಿದ. ಪರದೆಯ ಮೂಲೆಯಲ್ಲಿ ಒಂದು ಗೆರೆ ಮೂಡಿತು, ಹೋಯಿತು, ಮತ್ತೆ ಮೂಡಿತು.

"ನೋಡು. ಬಂತಲ್ಲ?"

"ಒಂದೇ ಗೆರೆ ಇದೆ."

"ಹೊಸ ವೈರು, ಒಂದೆರಡು ವಾರ ಹೋಗಲಿ, ಪಳಗುತ್ತೆ. ಇನ್ನು ಆ ಚಳೀಲಿ ಕೊಟ್ಟಿಗೆ ಮೆಟ್ಟಿಲಲ್ಲಿ ಕೂತು ಊರವರ ಮುಂದೆ ನನ್ನ ಮಾನ ಕಳೀಬೇಡ. ಒಳಗೇ ನಿಂತು ಮಾತಾಡು."

ವೈರು ಪಳಗುವುದೆಂದರೇನು ಎಂದು ಮೈರೆ ಕೇಳಲಿಲ್ಲ. ಆ ಕಿಟಕಿಯ ಹತ್ತಿರ ಆ ಒಂದು ಗೆರೆ ಮೊದಲಿನಿಂದಲೂ ಆಗಾಗ ಬಂದು ಹೋಗುತ್ತಿತ್ತೇನೋ ಎಂದು ಯೋಚಿಸಲೂ ಇಲ್ಲ. ಸುಖ ಬಂದಾಗ ಪ್ರಶ್ನೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಹಳೆಯ ಗುಡಿಸಲಿನಿಂದ ಓಯ್ವನ ಬಾಲ್ಯದ ಚಿಂದಿ ಚಾಪೆ ತಂದು ಹಾಸಿದಳು, ಹಾಸಿಗೆಗೆ ಹೊಸ ಹೊದಿಕೆ ಹೊಲಿದಳು. ರಜೆಗೆ ಮುಂಚಿನ ಕೊನೆಯ ಭಾನುವಾರ ಕೊಟ್ಟಿಗೆಯ ಮೆಟ್ಟಿಲಿಂದಲೇ, ಅದೊಂದು ಸಲ ಮಾತ್ರ ಎಂದುಕೊಂಡು, ಓಯ್ವನಿಗೆ ಆಂಟೆನಾದ ಸುದ್ದಿ ಹೇಳಿದಳು.

"ತೈಸ್ತೊ ಹಾಕಿದ್ನಾ?" ಓಯ್ವ ನಂಬಲಿಲ್ಲ. "ಆ ಮನುಷ್ಯ?"

"ಅವನೇ. ನೀನು ಬಾ ಅಷ್ಟೇ."

"ಮೈರೆ, ನಾನು ಹೇಳೋದು ಕೇಳು. ರಜೆ ದಿನ ಪಟ್ಟಣದ ಬಸ್ ನಿಲ್ದಾಣದಿಂದ ಫೋನ್ ಮಾಡ್ತೀನಿ. ಅವನ ಮನಸ್ಸು ಆವತ್ತಿಗೆ ಹೆಂಗಿರುತ್ತೋ ಏನೋ. ನೀನು ಬಾ ಅಂದ್ರೆ ಬಸ್ ಹತ್ತುತೀನಿ. ಇನ್ನೊಂದು ಸಲ ಬಾಗಿಲಿಂದ ದಬ್ಬಿಸ್ಕೊಳಕ್ಕೆ ನನ್ನ ಕೈಲಿ ಆಗಲ್ಲ. ಆವತ್ತು ಅವನು ದಬ್ಬಿದ್ದಕ್ಕಿಂತ ನೀನು ಸುಮ್ನಿದ್ದದ್ದು…"

"ಗೊತ್ತು ಕಣೋ," ಎಂದಳು ಮೈರೆ. "ಈ ಸಲ ಸುಮ್ನಿರಲ್ಲ."

ಆ ದಿನ ಬಂತು. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಡ್ಡೆಯಾಗುವಂಥ ಚಳಿ. ಮೈರೆ ಬೆಳಗಿನಿಂದ ರೈ ಹಿಟ್ಟಿನ ಹಾಳೆ ಲಟ್ಟಿಸಿ, ಅನ್ನದ ಗಂಜಿ ತುಂಬಿ, ಅಂಚು ಚಿವುಟಿ ಕಡುಬು ಮಾಡುತ್ತಿದ್ದಳು, ಓಯ್ವನಿಗೆ ಅದೆಂದರೆ ಪ್ರಾಣ. ಮಧ್ಯಾಹ್ನದ ಹೊತ್ತಿಗೆ ಕೈ ತೊಳೆದುಕೊಂಡು, ಅಭ್ಯಾಸಬಲದಿಂದ ಕಂಬಳಿ ಬೂಟಿಗೆ ಕೈ ಹಾಕಿದಳು.

"ಎಲ್ಲಿಗೆ?" ಎಂದ ಅಡಿಗೆಮನೆಯಲ್ಲಿ ಕೂತಿದ್ದ ತೈಸ್ತೊ. "ನಾನು ಅಷ್ಟು ಕಷ್ಟಪಟ್ಟು ಹಾಕಿದ್ದು ಯಾಕೆ ಮತ್ತೆ? ಕೋಣೆಗೆ ಹೋಗಿ ನಿಂತ್ಕೋ."

ಅವಳು ಬೂಟು ಕೆಳಗಿಟ್ಟಳು. ಅವನ ಮನಸ್ಸು ಕೆಡಿಸಬಾರದು, ಇವತ್ತಂತೂ ಕೆಡಿಸಬಾರದು. ಹಿಂದಿನ ಕೋಣೆಗೆ ಹೋಗಿ, ಬಿಳಿ ತಟ್ಟೆಗೂ ಕಿಟಕಿಗೂ ನಡುವೆ ನಿಂತು, ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು. ಫೋನು ರಿಂಗಾಯಿತು.

"ಓಯ್ವ!"

ಆ ಕಡೆಯಿಂದ ಒಂದು ಚೂರು ದನಿ ಬಂತು. "ಮೈರೆ… ಕೂಲೂ…" ಎಂದಿತು. ಆಮೇಲೆ ಏನೂ ಇಲ್ಲ.

ಅವನು ಕೇಳುತ್ತಿದ್ದುದು ಕೇಳಿಸುತ್ತಿದೆಯಾ ಎಂದು, ಅಥವಾ ಬರಲೇ ಎಂದು. ಎರಡೂ ಇರಬಹುದು. ಮೈರೆ ಫೋನನ್ನು ತಟ್ಟೆಗೆ ಒತ್ತಿದಳು, ಕಿಟಕಿಗೆ ಒತ್ತಿದಳು, ಕಿವಿಗೆ ಒತ್ತಿದಳು. ಗೆರೆ ಇತ್ತು, ದನಿಯಿರಲಿಲ್ಲ. ಗಾಬರಿಯಿಂದ ಅವಳು ಗಂಟಲು ಹರಿಯುವಂತೆ ಕೂಗಿದಳು, ನಾವೆಲ್ಲರೂ ಕೂಗುವ ಹಾಗೆಯೇ ಕೂಗಿದಳು:

"ಎತ್ ಕೂಲು ತ್ಯಾನ್ನೆ! ಓಯ್ವ! ಎತ್ ಕೂಲು ತ್ಯಾನ್ನೆ! ಎತ್ ಕೂಲು ತ್ಯಾನ್ನೆ!"

ಫೋನು ಸತ್ತಿತು.

ಬೂಟಿಲ್ಲದೆ, ಬರಿಯ ಕಾಲುಚೀಲದಲ್ಲಿ ಹಿಮದ ಮೇಲೆ ಓಡಿ ಕೊಟ್ಟಿಗೆಯ ಮೆಟ್ಟಿಲು ಹತ್ತಿ ಆ ನಂಬರಿಗೇ ವಾಪಸು ಮಾಡಿದಳು. ನೀವು ಕರೆ ಮಾಡುತ್ತಿರುವವರು ಸದ್ಯಕ್ಕೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಒಂದು ಹೆಣ್ಣುದನಿ ಮರ್ಯಾದೆಯಿಂದ ಹೇಳಿತು. ಬಸ್ಸು ಹತ್ತಿರಬೇಕು, ದಾರಿಯ ಕಾಡಿನಲ್ಲಿ ಟವರಿಲ್ಲ ಎಂದು ಮೈರೆ ತನಗೆ ತಾನೇ ಹೇಳಿಕೊಂಡಳು. ಒಳಗೆ ಬಂದಾಗ ತೈಸ್ತೊ ಕಾಫಿ ಕುಡಿಯುತ್ತಿದ್ದ.

"ಏನಂತಾನೆ ನನ್ನ ಭಾವಮೈದುನ?"

"ಲೈನ್ ಕಟ್ಟಾಯ್ತು. ಬರ್ತಿದ್ದಾನೆ ಅನ್ಸುತ್ತೆ."

"ಬರಲಿ, ಬರಲಿ," ಎಂದ ತೈಸ್ತೊ.

ಬಸ್ಸಿನ ಹೊತ್ತಿಗೆ ಅವಳು ಅಂಚೆಪೆಟ್ಟಿಗೆಗಳ ಸಾಲಿನ ಹತ್ತಿರ ಹೋಗಿ ನಿಂತಳು. ಬಿಸಿ ಕಡುಬನ್ನು ಬಟ್ಟೆಯಲ್ಲಿ ಸುತ್ತಿ ಕೋಟಿನೊಳಗೆ ಇಟ್ಟುಕೊಂಡಿದ್ದಳು. ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಚಾಲಕ ನಮ್ಮೂರಿನವನೇ. "ಇವತ್ತು ಯಾರೂ ಇಲ್ಲ, ಮೈರೆ," ಎಂದ. "ನೀನು ಹತ್ತುತೀಯಾ?" ಅವಳು ಇಲ್ಲವೆಂದು ತಲೆ ಆಡಿಸಿದಳು. ಬಸ್ಸು ಖಾಲಿ ಹೋಯಿತು.

ಏನಾಯಿತೆಂದು ಅನ್ನುಕ್ಕ ಆಮೇಲೆ ಫೋನು ಮಾಡಿ ಹೇಳಿದಳು. ಓಯ್ವ ಬಸ್ ನಿಲ್ದಾಣದಲ್ಲಿ ಫೋನು ಆರಿಸಿ, ಅದನ್ನು ಕಸದ ಡಬ್ಬಕ್ಕೆ ಹಾಕಿ, ಹಳೆಯ ಗೆಳೆಯರ ಕೋಣೆಗೆ ಹೋಗಿದ್ದ. ವರ್ಷಗಟ್ಟಲೆ ಮುಟ್ಟದಿದ್ದವನು ಆ ಸಂಜೆ ಕುಡಿದ, ಹೊಡೆದಾಡಿದ, ಹಿಡಿಯಲು ಬಂದ ಪೊಲೀಸನ ತೋಳು ಮುರಿದ. ಮನೆಗೆ ಕಳಿಸುವ ಮಾತು ಅಲ್ಲಿಗೆ ಮುಗಿಯಿತು, ಶಿಕ್ಷೆ ಉದ್ದವಾಯಿತು.

"ಕಾಲುಪಟ್ಟಿ ಪರೀಕ್ಷೆಗೆ ಇನ್ನು ನಾನು ಬರಬೇಕಾಗಿಲ್ಲ," ಎಂದಳು ಅನ್ನುಕ್ಕ. ಆಮೇಲೆ, "ನೀವು ಅವನಿಗೆ ಹಾಗೆ ಹೇಳಬಾರದಿತ್ತು, ಮೈರೆ. ಬೇಡ ಅನ್ನೋದಾಗಿದ್ರೆ ನನಗೆ ಮೊದಲೇ ಹೇಳಬಹುದಿತ್ತು," ಎಂದಳು.

"ನಾನೇನು ಹೇಳ್ದೆ?"

"ಇಲ್ಲಿಗೆ ಸೇರಿದವನಲ್ಲ ಅಂದ್ರಂತೆ. ಕೂಗಿ ಕೂಗಿ, ಮೂರು ಸಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈರೆ ಅಲ್ಲೇ ಮೆಟ್ಟಿಲಲ್ಲಿ ಕೂತು, ಅತ್ತು, ಕೇಳಿಸುತ್ತಿಲ್ಲವೆಂದು ಕೂಗಿದ್ದಷ್ಟೇ ಎಂದು ಅನ್ನುಕ್ಕಳಿಗೆ ಬಿಡಿಸಿ ಬಿಡಿಸಿ ಹೇಳಿದಳು. ಅನ್ನುಕ್ಕ ನಂಬಿದಳು. ಜೈಲಿನ ಪಾದ್ರಿಯ ಕೈಯಲ್ಲಿ ಓಯ್ವನಿಗೆ ಹೇಳಿಸಿದಳು. ಓಯ್ವ ನಕ್ಕನಂತೆ. "ಅವಳ ಮನೇಲಿ ಆಂಟೆನಾ ಹಾಕಿದ್ದಾರೆ, ಅವಳೇ ಹೇಳಿದ್ಲು," ಎಂದನಂತೆ. "ಅವಳ ಮಾತು ನನಗೆ ಚೆನ್ನಾಗಿ ಕೇಳಿಸ್ತು. ಅವಳ ಗಂಡ ಹೇಳಿದ್ದೂ ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ." ಭೇಟಿಗೆಂದು ಮೈರೆ ಅಷ್ಟು ದೂರ ರೈಲಿನಲ್ಲಿ ಹೋದರೆ ಅವನು ಕೋಣೆಯಿಂದ ಹೊರಗೆ ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಒಯ್ದ ಕಡುಬನ್ನು ಕಾವಲಿನವನು ವಾಪಸು ಕೊಟ್ಟ.

ಊರಿಗೆ ಬಂದವಳು ಕೋಟು ಬಿಚ್ಚದೆ ಹಿಂದಿನ ಕೋಣೆಗೆ ಹೋಗಿ ಬಿಳಿ ತಟ್ಟೆಯನ್ನು ಹಿಡಿದು ಕಿತ್ತಳು. ವೈರು ಗೋಡೆಯಿಂದ ಗೇಣುದ್ದ ಬಂತು, ಅಷ್ಟೇ. ಅದರ ತುದಿಗೆ ಕಪ್ಪು ಟೇಪು ಸುತ್ತಿತ್ತು, ಒಂದು ಸುಕ್ಕೂ ಇಲ್ಲದಂತೆ. ಹೊರಗೆ ಹೋಗಿ ಏಣಿ ಹಾಕಿ ಆಚೆಯ ವೈರನ್ನೂ ಎಳೆದಳು. ಅದೂ ಗೇಣುದ್ದ ಇತ್ತು, ಅದಕ್ಕೂ ಟೇಪು ಸುತ್ತಿತ್ತು. ನಡುವೆ ತೈಸ್ತೊನ ಗೋಡೆ ಹೇಗಿತ್ತೋ ಹಾಗೇ ಇತ್ತು.

ಎರಡು ತುಂಡನ್ನೂ ತಂದು ಅವನ ತೊಡೆಯ ಮೇಲೆ ಹಾಕಿದಳು. "ತೂತು ಹಾಕಿಲ್ಲ ನೀನು."

"ಇಲ್ಲ," ಎಂದ ತೈಸ್ತೊ. ಸುಳ್ಳು ಹೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. "ಆ ಆಫೀಸಿನವಳು ಬಂದು ನೋಡಿ, ಆಗಲ್ಲ ಅಂತಿದ್ಲು. ನಾನು ಕೈಲಾದದ್ದು ಮಾಡಿದ ಹಾಗೂ ಇರ್ತಿತ್ತು, ಅವನು ಬರೋದೂ ತಪ್ತಿತ್ತು. ಅಷ್ಟರಲ್ಲಿ ನೀನೇ ಕೆಲಸ ಮುಗಿಸ್ದೆ."

"ನಾನು ಕೂಗಿದ್ದು ನಿನಗೆ ಕೇಳಿಸ್ತಿತ್ತಾ?"

"ಕೇಳಿಸದೆ ಏನು? ಒಳಗಿನ ಗೋಡೆ ತೆಳು." ಅವನು ವೈರಿನ ತುಂಡುಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡ, ಒಳ್ಳೆಯ ವೈರನ್ನು ಎಸೆಯುವವನಲ್ಲ ಅವನು. "ನನ್ನ ಮೇಲೆ ಹರಿಹಾಯಬೇಡ. ನಾನು ಒಂದು ಮಾತೂ ಆಡಿಲ್ಲ. ಅವನಿಗೆ ಹೇಳಿದ್ದು ನಿನ್ನ ಬಾಯಿ."

ಮೈರೆ ಎಲ್ಲಿಗೂ ಹೋಗಲಿಲ್ಲ. ಹಳೆಯ ಗುಡಿಸಲಿನ ಮಾಡು ಆ ಚಳಿಗಾಲ ಹಿಮದ ಭಾರಕ್ಕೆ ಕುಸಿದಿತ್ತು. ಅಡಿಗೆ ಮಾಡಿದಳು, ಬಟ್ಟೆ ಒಗೆದಳು, ಗುರುವಾರ ಮಾತ್ರ ಬಟಾಣಿ ಸಾರು ಮಾಡಿದಳು. ಭಾನುವಾರ ಊಟವಾದ ಮೇಲೆ ಕೊಟ್ಟಿಗೆಯ ಮೆಟ್ಟಿಲಿಗೆ ಹೋಗಿ ಕೂತಳು. ಆಂಟೆನಾ ಸೂರಿನ ಕೆಳಗೆ ಹಾಗೇ ಇತ್ತು, ತೆಗೆದರೆ ಮೊಳೆಯ ಗುರುತು ಕಾಣುತ್ತದೆ ಎಂದು ತೈಸ್ತೊ ತೆಗೆಯಲಿಲ್ಲ.

ಮುಂದಿನ ಚಳಿಗಾಲ ಮಾಡಿನ ಹಿಮ ಎಳೆಯಲು ಹೋದವನು ಅಂಗಳದಲ್ಲಿ ಕುಸಿದು ಬಿದ್ದ. ಮೈರೆ ಮೆಟ್ಟಿಲಿಗೆ ಓಡಿ ಆಂಬುಲೆನ್ಸು ಕರೆದಳು. ಯೋಚಿಸಲು ಸಮಯವಿದ್ದಿದ್ದರೆ ಓಡುತ್ತಿದ್ದಳೋ ಇಲ್ಲವೋ, ಓಡಿದಳು ಎನ್ನುವುದು ನಿಜ. ಆಸ್ಪತ್ರೆಯಿಂದ ತೈಸ್ತೊ ಗಾಲಿಕುರ್ಚಿಯಲ್ಲಿ ಬಂದ. ಲಕ್ವ ಹೊಡೆದು ಬಲಗೈ ಬಲಗಾಲು ಹೋಗಿದ್ದವು, ನಾಲಿಗೆ ಬಿದ್ದುಹೋಗಿತ್ತು. ಬುದ್ಧಿ ಮಾತ್ರ ಚೂರೂ ಅಲ್ಲಾಡಿರಲಿಲ್ಲ, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

ಪುರಸಭೆಯಿಂದ ಹಸನ್ಮುಖದ ಹುಡುಗಿಯೊಬ್ಬಳು ಬಂದಳು. ಕೆಂಪು ಗುಂಡಿಯಿರುವ ಪಟ್ಟಿಯೊಂದನ್ನು ತೈಸ್ತೊನ ಎಡ ಮಣಿಕಟ್ಟಿಗೆ ಕಟ್ಟಿದಳು. ಒಬ್ಬನೇ ಇದ್ದಾಗ ಏನಾದರೂ ಆದರೆ ಒತ್ತಿದರೆ ಸಾಕು, ಪಟ್ಟಣದಿಂದ ಸಹಾಯ ಬರುತ್ತದೆ ಎಂದಳು. ಒತ್ತಿ ತೋರಿಸಿದಳು. ಕೆಂಪು ದೀಪ ಮಿಣುಕಿತು, ಮಿಣುಕುತ್ತಲೇ ಇತ್ತು.

"ಅಯ್ಯೋ, ಒಳಗೆ ಸಿಗ್ನಲ್ಲೇ ಇಲ್ವಲ್ಲ. ಸೂರಿನ ಕೆಳಗೆ ಆಂಟೆನಾ ನೋಡಿದೆ?"

"ಅದು ಶೋಕಿಗೆ," ಎಂದಳು ಮೈರೆ.

"ಹಾಗಾದ್ರೆ ನಾಳೆನೇ ಒಬ್ಬನ್ನ ಕಳಿಸ್ತೀನಿ. ಗೋಡೆಗೆ ಒಂದು ಸಣ್ಣ ತೂತು ಹಾಕಿದರೆ ಆಯ್ತು. ಅರ್ಧ ಗಂಟೆ ಕೆಲಸ."

ತೈಸ್ತೊನ ಎಡಗೈ ಎದ್ದಿತು. ಗೋಡೆಯ ಕಡೆ ಬೆರಳು ತೋರಿಸಿದ. ಗಂಟಲಿನಿಂದ "ತ್ಯಾ… ತ್ಯಾ…" ಎಂದು ದನಿ ಬಂತು. ಇಲ್ಲಿ, ಇಲ್ಲಿ ಹಾಕಿ ಎನ್ನುತ್ತಿದ್ದ. ಮೈರೆಗೆ ಅದು ನೀರು ಕುಡಿದಷ್ಟು ಸುಲಭವಾಗಿ ಅರ್ಥವಾಯಿತು.

"ಏನೋ ಹೇಳ್ತಿದ್ದಾರೆ," ಎಂದಳು ಹುಡುಗಿ.

ಮೈರೆ ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟಳು. ಅವನು ಮತ್ತೆ ಹೇಳಿದ, ಬೆವರು ಬರುವಂತೆ ಕಷ್ಟಪಟ್ಟು ಹೇಳಿದ. ಅವಳು ನೆಟ್ಟಗೆ ನಿಂತಳು.

"ಎಯ್ ಕೂಲು," ಎಂದಳು.

ಕೇಳಿಸುವುದಿಲ್ಲ ಎಂದಳೆಂದು ಹುಡುಗಿ ತಿಳಿದಳು. ತೈಸ್ತೊ ಸರಿಯಾಗಿಯೇ ತಿಳಿದ: ಅದು ನಿನಗೆ ಸೇರಿದ್ದಲ್ಲ.

"ಗೋಡೆಗೆ ಕೈ ಹಚ್ಚೋದು ಬೇಡಮ್ಮ," ಎಂದು ಮೈರೆ ಅವನ ಹೊದಿಕೆ ಸರಿಮಾಡಿದಳು. "ನಮ್ಮ ಯಜಮಾನ್ರು ಮೂರು ವರ್ಷ ಟೇಪು ಹಚ್ಚಿದ ಗೋಡೆ ಅದು. ಸೂಜಿ ಮೊನೆಯಷ್ಟೂ ಜಾಗ ಬಿಟ್ಟಿಲ್ಲ. ಈಗ ಪಾಪ ಮಾತು ಬರಲ್ಲ ಅಂತ ಅವರ ಮಾತು ಮೀರೋಕಾಗುತ್ತಾ? ಅಲ್ಲಿ ನೋಡು, ಪ್ರಮಾಣಪತ್ರ."

ಹುಡುಗಿ ಪ್ರಮಾಣಪತ್ರ ನೋಡಿ ಮೆಚ್ಚಿಕೊಂಡಳು. ಹಾಗಿದ್ದರೆ ಪಟ್ಟಿ ಮನೆಯ ಹೊರಗೆ ಮಾತ್ರ ಕೆಲಸ ಮಾಡುತ್ತದೆ, ನೆನಪಿಡಿ ಎಂದು ಹೇಳಿ ಹೋದಳು.

ಈಗಲೂ ಭಾನುವಾರ ಊಟವಾದ ಮೇಲೆ ಮೈರೆ ಅವನ ಬಾಯಿ ಒರೆಸಿ, ಕುರ್ಚಿಯನ್ನು ಅಡಿಗೆಮನೆಯ ಕಿಟಕಿಗೆ ತಳ್ಳಿ, ಪಟ್ಟಿ ಮಣಿಕಟ್ಟಿನಲ್ಲಿ ಬಿಗಿಯಾಗಿದೆಯೇ ಎಂದು ನೋಡುತ್ತಾಳೆ. ಆಮೇಲೆ ಕಂಬಳಿ ಬೂಟು ಹಾಕಿಕೊಂಡು, ಬಾಗಿಲು ಬಿಗಿಯಾಗಿ ಎಳೆದುಕೊಂಡು ಕೊಟ್ಟಿಗೆಯ ಮೆಟ್ಟಿಲಿಗೆ ಹೋಗಿ ಕೂರುತ್ತಾಳೆ. ಫೋನು ತೊಡೆಯ ಮೇಲಿರುತ್ತದೆ. ಓಯ್ವ ಶಿಕ್ಷೆ ಮುಗಿಸಿ ಹೊರಗೆ ಬಂದನೆಂದೂ, ಯಾವುದೋ ಬಂದರು ಊರಿನಲ್ಲಿ ಇದ್ದಾನೆಂದೂ ಯಾರೋ ಹೇಳಿದ್ದಾರೆ. ಕಿಟಕಿಯ ಮೂರು ಗಾಜಿನ ಹಿಂದೆ ಕೆಂಪು ದೀಪ ಮಿಣುಕುತ್ತಿರುವುದು ಅವಳು ಕೂತಲ್ಲಿಂದ ಕಾಣುತ್ತದೆ. ಅವಳು ಅದನ್ನು ನೋಡುತ್ತಾಳೆ, ಆಮೇಲೆ ಫೋನಿನ ಪರದೆ ನೋಡುತ್ತಾಳೆ. ಸಿಗ್ನಲ್ ಪೂರ್ತಿ ಇರುತ್ತದೆ.